ಚಿಕ್ಕಮಾದಮ್ಮನಿಗೆ ಗೊತ್ತಿಲ್ಲದ ಪಾಠ

ಅಗ್ರಹಾರದ ಓಣಿಗೆ ಇನ್ನೂ ಹಾಲಿನವನೂ ಬಂದಿಲ್ಲ. ಚಿಕ್ಕಮಾದಮ್ಮ ಆಗಲೇ ಎದ್ದು, ಅಡುಗೆಮನೆಯ ಮೊಳೆಗೆ ನೇತುಹಾಕಿದ್ದ ಒದ್ದೆ ಬಟ್ಟೆಯ ಗಂಟನ್ನು ಇಳಿಸಿ ಬಲ್ಬಿನ ಬೆಳಕಿನಲ್ಲಿ ಬಿಚ್ಚುತ್ತಿದ್ದಾರೆ. ರಾತ್ರಿ ದುಂಡಗೆ, ಸಭ್ಯವಾಗಿ ಮಲಗಿದ್ದ ಹೆಸರುಕಾಳುಗಳೆಲ್ಲ ಬೆಳಗಾಗುವುದರೊಳಗೆ ಬಾಲ ಬಿಚ್ಚಿವೆ. ಒಂದು ಕಾಳನ್ನು ಬೆರಳ ತುದಿಗೆ ಅಂಟಿಸಿಕೊಂಡು ಆಕೆ ಹಿಂದೆಮುಂದೆ ತಿರುಗಿಸಿ ನೋಡುತ್ತಾರೆ. "ಇಷ್ಟ್ ವರ್ಷದಿಂದ ದಿನಾ ಕಾಳ್ ಕಟ್ತಿವ್ನಿ. ತೊಳ್ದಿವ್ನಿ, ಬೇಯ್ಸಿವ್ನಿ, ಬಡಿಸಿವ್ನಿ. ನೋಡಿರ್ಲಿಲ್ಲ ಬುಡಿ," ಎನ್ನುತ್ತಾರೆ. ನೋಡುವುದನ್ನು ಕಲಿಸಿದವಳಿಗೆ ಈಗ ನಾಲ್ಕೂವರೆ ವರ್ಷ.

ಚಿಕ್ಕಮಾದಮ್ಮ ಅಂಗನವಾಡಿಯ ಸಹಾಯಕಿ. ಮಕ್ಕಳ ಬಾಯಲ್ಲಿ ಆಯಮ್ಮ. ಬಾಗಿಲು ತೆಗೆದು ಕಸ ಗುಡಿಸುವುದು, ಮನೆಮನೆಗೆ ಹೋಗಿ ಇಪ್ಪತ್ತು ಚಿಲ್ಲರೆ ಮಕ್ಕಳನ್ನು ಕರೆತರುವುದು, ಅಡುಗೆ ಮಾಡಿ ಉಣ್ಣಿಸುವುದು, ಚಡ್ಡಿ ಬದಲಿಸುವುದು ಎಲ್ಲವೂ ಅವರದೇ ಪಾಲು. ಅಳುವ ಮಗು ಸೊಂಟದ ಮೇಲೆ, ಓಡುವ ಮಗು ಕೈಯಲ್ಲಿ, ಮಿಕ್ಕವರು ಸೆರಗು ಹಿಡಿದು ಹಿಂದೆ. ಆ ಮೆರವಣಿಗೆ ಬರುವಾಗ ಹೂವಿನಂಗಡಿಯವರೂ ಬುಟ್ಟಿ ಸರಿಸಿ ದಾರಿ ಬಿಡುತ್ತಾರೆ. ಊರು ನಂಜನಗೂಡಿನ ಕಡೆ, ಓದಿದ್ದು ಏಳನೇ ಕ್ಲಾಸು. ಗಂಡ ಸಣ್ಣಮಾದಯ್ಯ ಮನೆಗಳಿಗೆ ಬಣ್ಣ ಬಳಿಯುತ್ತಾರೆ. ಆಕೆಯ ಮೊಣಕಾಲು ಆಗಾಗ ಮುಷ್ಕರ ಹೂಡುತ್ತದೆ. ಬೇಡಿಕೆ ಕೇಳಲು ಪುರಸೊತ್ತಿಲ್ಲದ್ದರಿಂದ ಅದು ತಾನಾಗಿಯೇ ಕೆಲಸಕ್ಕೆ ಮರಳುತ್ತದೆ.

ನೋಡುವುದನ್ನು ಕಲಿಸಿದ ಆ ಹುಡುಗಿ ಧರಣಿ ಈ ಅಂಗನವಾಡಿಗೆ ಸೇರಿದ್ದು ಹೋದ ಜೂನ್‌ನಲ್ಲಿ. ತಾಯಿ ಭವ್ಯಶ್ರೀ ಕಡಕೊಳದ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಾರೆ. ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರಿಲ್ಲ. ಹುಡುಗಿ ಅಷ್ಟರಲ್ಲಾಗಲೇ ಅಂಗಡಿ ಬೋರ್ಡು, ಬಸ್ಸಿನ ಬೋರ್ಡು, ಬಿಸ್ಕೆಟ್ ಪ್ಯಾಕೆಟ್ಟಿನ ಹಿಂದಿನ ಸಣ್ಣ ಅಕ್ಷರ ಎಲ್ಲವನ್ನೂ ಓದುತ್ತಿದ್ದಳು. ಯಾರೂ ಕಲಿಸಿದ್ದಲ್ಲ. ಟೀಚರ್ ವೇದವತಿ ‘ಅ’ ಬರೆದು ತಿರುಗುವಷ್ಟರಲ್ಲಿ ಇವಳು ಅಂಗನವಾಡಿಯ ನಾಮಫಲಕ ಓದಿ ಮುಗಿಸಿ ಆಕಳಿಸುತ್ತಿದ್ದಳು. ಕತೆ ಶುರುವಾದರೆ ಕೊನೆ ಹೇಳಿಬಿಡುತ್ತಿದ್ದಳು. ಕೊನೆ ಗೊತ್ತಾದ ಮೇಲೆ ಮಿಕ್ಕ ಮಕ್ಕಳಿಗೂ ನರಿ ಸತ್ತರೆಷ್ಟು, ಬದುಕಿದರೆಷ್ಟು?

ಬೇಸರ ಹೆಚ್ಚಾದ ಒಂದು ದಿನ ಧರಣಿ ಸ್ಟೂಲು ಎಳೆದು, ಬಾಗಿಲ ಚಿಲಕ ತೆಗೆದು, ಜೊತೆಗೆ ಮೂವರನ್ನು ಕಟ್ಟಿಕೊಂಡು ಬೀದಿಗೆ ಹೊರಟಳು. ಚಿಕ್ಕಮಾದಮ್ಮ ಒಲೆಯ ಮುಂದಿದ್ದರು, ಟೀಚರ್ ಫೋನಿನಲ್ಲಿ ಹಾಜರಿ ತುಂಬುತ್ತಿದ್ದರು. ಓಡಿಬಂದು ನೋಡಿದರೆ ಮೂಲೆಯಲ್ಲಿ ಧರಣಿ ಒಬ್ಬ ಸ್ಕೂಟರಿನವರನ್ನು ತಡೆದು ನಿಲ್ಲಿಸಿದ್ದಾಳೆ. ಅವರು ಗಾಡಿ ನಿಲ್ಲಿಸಿದ್ದು ‘ಇಲ್ಲಿ ವಾಹನ ನಿಲ್ಲಿಸಬಾರದು’ ಎಂಬ ಬೋರ್ಡಿನ ಕೆಳಗೆ. ಸೊಂಟದ ಮೇಲೆ ಕೈ, ಕತ್ತು ಒಂದಿಷ್ಟು ವಾರೆ, ದನಿ ಥೇಟ್ ವೇದವತಿ ಟೀಚರದ್ದು: "ಓದಕ್ಕೆ ಬರಲ್ವಾ? ನಾಳೆ ಬರ್ತಾ ಅಪ್ಪ ಅಮ್ಮನ್ನ ಕರ್ಕೊಂಡ್ ಬನ್ನಿ."

ಸ್ಕೂಟರಿನವರು ನಕ್ಕರು, ಬೀದಿಯೂ ನಕ್ಕಿತು. ಟೀಚರ್ ಮಾತ್ರ ನಾಲ್ವರನ್ನೂ ಒಳಗೆಳೆದುಕೊಂಡು ಚಿಲಕ ಹಾಕಿದರು. ಸಂಜೆ ಭವ್ಯಶ್ರೀ ಬಂದಾಗ ಅವರು ಸುತ್ತಿ ಬಳಸಿ ಹೇಳಲಿಲ್ಲ. ನಾಳೆ ಮಗು ಗಾಡಿಗೆ ಸಿಕ್ಕಿದರೆ ಯಾರಿಗೆ ಜವಾಬು ಹೇಳುವುದು? ಈ ಶನಿವಾರದವರೆಗೆ ನೋಡೋಣ, ಆಮೇಲೆ ಮನೆಯಲ್ಲೇ ಇಟ್ಟುಕೊಳ್ಳಿ ಎಂದರು. ಮನೆಯಲ್ಲಿಟ್ಟುಕೊಳ್ಳುವುದೆಂದರೆ ಕಡಕೊಳದ ಕೆಲಸ ಬಿಡುವುದು ಎಂದೇ ಅರ್ಥ. ಭವ್ಯಶ್ರೀ ಮಗಳ ಚಪ್ಪಲಿಯ ಪಟ್ಟಿ ಹಾಕುತ್ತಾ ಕೂತುಬಿಟ್ಟರು.

ಆಗ ಚಿಕ್ಕಮಾದಮ್ಮ ಬಾಯಿ ಹಾಕಿದರು: "ಶನಿವಾರದ್ಗಂಟ ನನ್ ಕೈಗ್ ಬುಡಿ ಟೀಚರ್."

ಮೊದಲ ಉಪಾಯ ನೆಲಕಚ್ಚಿತು, ಅದನ್ನು ಆಕೆಯೇ ಹೇಳಿಕೊಂಡು ನಗುತ್ತಾರೆ. ಟೀಚರ್ ಸರ್ವೆಗೆ ಹೋದ ದಿನ ಮಕ್ಕಳಿಗೆ ಆಯಮ್ಮನೇ ಟೀಚರ್. ಹಾಗೆಯೇ ಧರಣಿಯನ್ನೂ ‘ಪುಟ್ಟ ಟೀಚರ್’ ಮಾಡಿದರೆ ಹೇಗೆ ಎಂದುಕೊಂಡರು. ಹುಡುಗಿ ಅರ್ಧ ಗಂಟೆ ದರ್ಬಾರು ನಡೆಸಿದಳು. ಬಾಯಿ ಮೇಲೆ ಬೆರಳು, ಕೈ ಕಟ್ಟು, ನೀನು ದಡ್ಡ, ನೀನೂ ದಡ್ಡಿ. ಊಟಕ್ಕೆ ಕೂರುವಾಗ ಅವಳ ಎಡಬಲ ಎರಡೂ ಖಾಲಿ. ಯಾರೂ ಪಕ್ಕ ಕೂರಲೊಲ್ಲರು. ಧರಣಿ ತಟ್ಟೆ ಎತ್ತಿಕೊಂಡು ಅಡುಗೆಮನೆಯ ಹೊಸ್ತಿಲಿಗೆ ಬಂದು ಕೂತಳು. "ಆಗ ನಂಗ್ ಗೊತ್ತಾಯ್ತು. ಇವ್ಳ್ಗೆ ಅಕ್ಸರ ಸಿಕ್ಕವೆ, ಜೊತೆ ಸಿಕ್ಕಿಲ್ಲ," ಎನ್ನುತ್ತಾರೆ ಚಿಕ್ಕಮಾದಮ್ಮ.

ತಟ್ಟೆಯ ಕಾಳನ್ನು ಕೆದಕುತ್ತಾ ಧರಣಿ ಕೇಳಿದಳು, ಬಾಲ ಯಾಕೆ ಕೆಳಕ್ಕೇ ಬರುತ್ತದೆ, ಮೇಲಕ್ಕೆ ಯಾಕೆ ಬರುವುದಿಲ್ಲ? ಸಾರು ಬಡಿಸುತ್ತಿದ್ದ ಚಿಕ್ಕಮಾದಮ್ಮ ಸೌಟು ಹಿಡಿದುಕೊಂಡೇ ನಿಂತರು.

"ನಂಗೊತ್ತಿಲ್ಲ ಕಣವ್ವ."

"ನಿಂಗೆ ಗೊತ್ತಿಲ್ವಾ?"

"ಊಹೂಂ. ನೋಡಿ ಹೇಳು, ನಾನೂ ತಿಳ್ಕತೀನಿ."

ದೊಡ್ಡವರಿಗೆ ಗೊತ್ತಿಲ್ಲದ್ದೂ ಉಂಟು ಎಂಬ ಸುದ್ದಿಯನ್ನು ಹುಡುಗಿ ಸ್ವಲ್ಪ ಹೊತ್ತು ಅಗಿಯುತ್ತಾ ಕೂತಳು. ಮರುದಿನ ಚಿಕ್ಕಮಾದಮ್ಮ ಗಾಜಿನ ಲೋಟಗಳನ್ನು ತಂದರು. ಒಳಮೈಗೆ ಒದ್ದೆ ಬಟ್ಟೆ, ಬಟ್ಟೆಗೂ ಗಾಜಿಗೂ ನಡುವೆ ಕಾಳು, ಹೊರಗಿಂದ ನೋಡಿದರೆ ಎಲ್ಲವೂ ಕಾಣಬೇಕು. ಬಾಲ ನೀರು ಹುಡುಕಿಕೊಂಡು ಹೋಗುತ್ತದೆ ಎಂಬುದು ಧರಣಿಯ ತೀರ್ಮಾನ. ಅಷ್ಟೂ ಲೋಟ ಕಾಯಲು ಅವಳೊಬ್ಬಳಿಂದ ಆಗಲಿಲ್ಲ. ಒಂದನ್ನು ಕಿಟಕಿಯ ಬಳಿ ಜೊತೆಯ ಹುಡುಗಿ ನಾಜ್ನೀನ್ ಕಾದಳು, ಒಂದನ್ನು ಮೇಜಿನ ಕೆಳಗೆ ಅವಳಿಗಿಂತ ಚಿಕ್ಕವರು ಕಾದರು. ಬಾಲ ಉದ್ದವಾದ ಮೇಲೆ ಧರಣಿ ತನ್ನ ಲೋಟವನ್ನು ತಲೆಕೆಳಗು ಮಾಡಿದಳು. ಬಟ್ಟೆ ಸುತ್ತಲೂ ಒದ್ದೆಯೇ. ಆದರೂ ಮರುದಿನಕ್ಕೆ ಬಾಲ ಯೂ-ಟರ್ನ್ ಹೊಡೆದು ಮತ್ತೆ ನೆಲದ ಕಡೆಗೇ ಮುಖ ಮಾಡಿತ್ತು. ಧರಣಿಯ ತೀರ್ಮಾನ ಬಿದ್ದುಹೋಯಿತು. ಅವಳು ಕುಣಿದಾಡಿದಳು. ಊಹೆ ತಪ್ಪಿ, ಕೊನೆ ಮೊದಲೇ ಗೊತ್ತಾಗದೆ ಹೋದದ್ದು ಅವಳಿಗೆ ಅದೇ ಮೊದಲು.

ವೇದವತಿ ಟೀಚರಿಗೆ ಕಾರಣ ಗೊತ್ತಿತ್ತು, ಓದಿದವರು. ಹೇಳಲು ಬಾಯಿ ತೆರೆದಾಗ ಚಿಕ್ಕಮಾದಮ್ಮ ಕಣ್ಸನ್ನೆ ಮಾಡಿದರು. ಆಮೇಲೆ ನಿಮಗಾದರೂ ಹೇಳುತ್ತೇನೆ ಎಂದು ಟೀಚರ್ ಅಡುಗೆಮನೆಗೆ ಬಂದರೆ, ಈಕೆ ಎರಡೂ ಕಿವಿ ಮುಚ್ಚಿಕೊಂಡರು.

"ನಂಗೂ ಹೇಳ್ಬೇಡಿ ಟೀಚರ್. ಹೇಳ್ಬುಟ್ರೆ ಅವ್ಳು ನನ್ ಮುಖದಲ್ಲೇ ಓದ್ಕಬುಡ್ತಾಳೆ."

ಟೀಚರ್ ನಕ್ಕರು. ಅಂದಿನಿಂದ ಅವರೂ ಕತೆಯ ಕೊನೆಯನ್ನು ಹೇಳುವುದಿಲ್ಲ, ಮಕ್ಕಳನ್ನೇ ಕೇಳುತ್ತಾರೆ.

ಶುಕ್ರವಾರ ಗ್ಯಾಸ್ ಸಿಲಿಂಡರ್ ತಂದವರು ಬಾಗಿಲನ್ನು ಹಾರುಹೊಡೆದು ಬಿಟ್ಟು ಹೋದರು. ಅದು ಗೊತ್ತಾದಾಗ ಟೀಚರೂ ಆಯಮ್ಮನೂ ಮಕ್ಕಳನ್ನು ಎಣಿಸಿದರು. ಕೋಣೆಯಲ್ಲಿ ಧರಣಿ ಇಲ್ಲ. ಚಿಕ್ಕಮಾದಮ್ಮ ಬೀದಿಯ ಮೂಲೆಯವರೆಗೂ ಓಡಿದರು, ಸ್ಕೂಟರುಗಳ ಸಂದಿಯಲ್ಲೆಲ್ಲ ಹುಡುಕಿದರು. ತಿರುಗಿ ಬಂದರೆ ಟೀಚರ್ ಬಾಯಿ ಮೇಲೆ ಬೆರಳಿಟ್ಟು ಕರೆದರು. ತೆರೆದ ಬಾಗಿಲ ಹಿಂದೆ, ಗೋಡೆಯ ಬುಡದಲ್ಲಿ, ಧರಣಿಯೂ ನಾಜ್ನೀನೂ ಇನ್ನಿಬ್ಬರೂ ಹೊಟ್ಟೆಯ ಮೇಲೆ ಮಲಗಿದ್ದಾರೆ. ಲೋಟದಿಂದ ಬಿದ್ದ ಒಂದು ಕಾಳನ್ನು ಇರುವೆಗಳು ಹೊತ್ತೊಯ್ಯುತ್ತಿವೆ. ಎಲ್ಲಿಗೆ ಎಂಬುದಷ್ಟೇ ಆ ನಾಲ್ವರ ಚಿಂತೆ. ಬೀದಿ ಒಂದು ಮಾರು ದೂರದಲ್ಲಿ ತೆರೆದೇ ಇತ್ತು.

ಶನಿವಾರ ಸಂಜೆ ಭವ್ಯಶ್ರೀ ಮಗಳ ಚೀಲ, ತಟ್ಟೆ ಎಲ್ಲ ಒಯ್ಯಲೆಂದೇ ಬಂದಿದ್ದರು. ವೇದವತಿ ತಟ್ಟೆಯನ್ನು ಕೊಡಲಿಲ್ಲ. ಸೋಮವಾರ ಬೇಕಾಗುತ್ತದಲ್ಲ ಎಂದರು. ಭವ್ಯಶ್ರೀ ಎತ್ತಿಕೊಂಡಿದ್ದ ಚೀಲವನ್ನು ಕೆಳಗಿಟ್ಟರು. ಆಮೇಲೆ ಚಿಕ್ಕಮಾದಮ್ಮನ ಕೈ ಹಿಡಿದುಕೊಂಡು, "ಏನ್ ಮಾಡ್ಬುಟ್ಟೆ ಅಕ್ಕಾ ನೀನು?" ಎಂದರು. ಈಕೆ ಕೈ ಬಿಡಿಸಿಕೊಂಡು ಪಾತ್ರೆ ತೊಳೆಯಲು ಹೋದರು.

ಈಗ ಚಿಲಕವನ್ನು ಮೇಲಕ್ಕೆ ಏರಿಸಿದ್ದಾರೆ, ಎಚ್ಚರಿಕೆ ಎಚ್ಚರಿಕೆಯೇ. ಧರಣಿಯ ಎಡಬಲ ಖಾಲಿ ಇರುವುದಿಲ್ಲ. ಎಲ್ಲ ದಿನವೂ ಹಬ್ಬವೇನಲ್ಲ, ಈಗಲೂ ಒಮ್ಮೊಮ್ಮೆ ಆಕಳಿಸುತ್ತಾಳೆ, ಯಾರನ್ನೋ ದಡ್ಡ ಎನ್ನುತ್ತಾಳೆ, ಬೈಸಿಕೊಳ್ಳುತ್ತಾಳೆ. ಬಾಲ ಯಾಕೆ ನೆಲಕ್ಕೇ ಹೋಗುತ್ತದೆ ಎಂಬುದು ಚಿಕ್ಕಮಾದಮ್ಮನಿಗೆ ಇನ್ನೂ ಗೊತ್ತಿಲ್ಲ. ತಿಳಿದುಕೊಳ್ಳುವ ಆಸೆ ಇಲ್ಲವೇ ಎಂದರೆ, ಇದೆ, ಆದರೆ ಧರಣಿಯೇ ಕಂಡುಹಿಡಿದು ಹೇಳಲಿ ಎನ್ನುತ್ತಾರೆ.

ತಮಗಾಗಿ ಏನು ಬೇಕು ಎಂದು ಕೇಳಿದರೆ ಮೊಣಕಾಲು ನೀವಿಕೊಳ್ಳುತ್ತಾ ಹೇಳುತ್ತಾರೆ: "ನಂಗೇನು? ಮುಂದ್ಕೆ ಅವ್ಳು ದೊಡ್ ಸ್ಕೂಲ್ಗೆ ಹೋಯ್ತಾಳೆ. ಅಲ್ಲಿ ಎಲ್ಲಾ ಗೊತ್ತಿರೋರೇ ಇರ್ತಾರೆ. ಒಬ್ರಾದ್ರೂ ಗೊತ್ತಿಲ್ದೋರು ಅವ್ಳ್ ಪಕ್ಕ ಕೂತ್ಕಂಡ್ರೆ ಸಾಕು."