ಬೇಲಿಗೆ ಬಂದ ಬೆಳಕು

ಎಪಿಫಾನಿಯಾಳ ಶೆಡ್ಡಿನಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಒಂದು ಬಲ್ಬೂ ಇರಲಿಲ್ಲ. ಬಡತನದಿಂದಲ್ಲ. ನೋಚೆಬುವೆನಾ ಗಿಡ ಬೆಳೆಸುವವರು ಬಲ್ಬು ಇಡುವುದಿಲ್ಲ. ಸೆಪ್ಟೆಂಬರ್ ಕಳೆದ ಮೇಲೆ ಆ ಗಿಡಕ್ಕೆ ದಿನವೂ ಹನ್ನೆರಡು ಗಂಟೆ ಮೀರಿದ, ನಡುವೆ ಕಡಿಯದ ಕತ್ತಲು ಬೇಕು. ಆಗ ಎಲೆಯೊಳಗೆ ಒಂದು ಹಾರ್ಮೋನು ಹುಟ್ಟಿ ಕುಡಿಗೆ ಹೋಗಿ, ಬೆಳೆದದ್ದು ಸಾಕು, ಹೂ ಬಿಡು ಎನ್ನುತ್ತದೆ. ತುದಿಯ ಎಲೆಗಳು ರಕ್ತದ ಹಾಗೆ ಕೆಂಪಾಗುತ್ತವೆ. ಕ್ರಿಸ್ಮಸ್ಸಿಗೆ ಜನ ಕೊಳ್ಳುವುದು ಆ ಕೆಂಪನ್ನೇ. ಸೊಚಿಮಿಲ್ಕೊ ಊರಿನ ಕಾಲುವೆ ಬದಿಯಲ್ಲಿ ಆ ತಿಂಗಳುಗಳಲ್ಲಿ ಶೆಡ್ಡಿನ ಹತ್ತಿರ ಟಾರ್ಚ್ ಬಿಟ್ಟ ಮಕ್ಕಳಿಗೆ ಕೆನ್ನೆಗೆ ಬೀಳುತ್ತದೆ.

ಇಂಥವಳೇ ಹೋರಾಡಿ ತನ್ನ ಬೇಲಿಗೆ ಬೀದಿದೀಪ ಹಾಕಿಸಿಕೊಂಡಳು.

ಅದಕ್ಕೆ ಎರಡು ವರ್ಷ ಮೊದಲು ರುಫಿನಾ ಕೆಲಸ ಮುಗಿಸಿ ಒಂಬತ್ತರ ಬಸ್ಸಿಳಿದು ಬರುವಾಗ, ಈ ಬೇಲಿಯ ತಿರುವಿನಲ್ಲೇ ಯಾರೋ ಕೆಡವಿ, ಚೀಲ ಕಿತ್ತುಕೊಂಡು, ಎಡಗೈ ಮುರಿದು ಹೋಗಿದ್ದರು. ರುಫಿನಾಗೆ ಎಪಿಫಾನಿಯಾ ಮದ್ರಿನಾ, ಜ್ಞಾನಸ್ನಾನದ ದಿನ ಎತ್ತಿ ಹಿಡಿದ ಜ್ಞಾನತಾಯಿ. ಅವಳ ಹೆತ್ತ ತಾಯಿ ಕ್ಲೆತಾಳೂ ಇವಳೂ ಅಂದಿನಿಂದ ಒಬ್ಬರಿಗೊಬ್ಬರು ಕೊಮಾದ್ರೆ, ಅಂದರೆ ಜೊತೆತಾಯಿ. ಓಣಿಯ ಹೆಂಗಸರನ್ನು ಕೂಡಿಸಿ ಎಪಿಫಾನಿಯಾ ದೀಪ ಬೇಕೆಂದು ನಗರಸಭೆ ಕಚೇರಿಗೆ ಹನ್ನೊಂದು ಅರ್ಜಿ ಕೊಟ್ಟಳು. ಹೂಕುಂಡಗಳನ್ನು ಅಡ್ಡ ಜೋಡಿಸಿ ಮೂರು ಸಲ ಹೆದ್ದಾರಿ ತಡೆದಳು. ಕೊನೆಗೆ ಫೆಬ್ರವರಿಯಲ್ಲಿ ಕಚೇರಿಯವನು ನಕ್ಷೆ ಹಿಡಿದು ಬಂದು ಕಂಬ ಎಲ್ಲಿ ಬೇಕು ಎಂದ. ಅವಳು ತನ್ನ ಬೇಲಿಯ ತಿರುವಿನಲ್ಲಿ ನಿಂತು ನೆಲಕ್ಕೆ ಕಾಲು ಕುಟ್ಟಿದಳು.

"ಇಲ್ಲಿ. ನಮ್ ಹುಡುಗೀನ ಕೆಡವಿದ್ದು ಇಲ್ಲೇ."

ಶೆಡ್ಡು ಆಗ ಖಾಲಿ. ನೋಚೆಬುವೆನಾ ಸಸಿ ಬರುವುದು ಜೂನಿಗೆ. ಫೆಬ್ರವರಿಯಲ್ಲಿ ಅವಳ ತಲೆಯಲ್ಲಿ ಇದ್ದದ್ದು ಮುರಿದ ಕೈ, ಗಿಡವಲ್ಲ.

ದೀಪ ಹತ್ತಿದ್ದು ಅಕ್ಟೋಬರ್ ಮೊದಲ ವಾರ. ಹೆಂಗಸರು ಕಂಬದ ಕೆಳಗೆ ತಮಾಲೆ ಹಂಚಿ ತಿಂದರು. ತಿಂಗಳ ಕೊನೆಗೆ ಕ್ಲೆತಾ ಮೊಟ್ಟೆ ಕೊಳ್ಳಲು ಬಂದಳು.

"ಕೊಮಾದ್ರೆ, ನಿಮ್ ಕೋಳಿಗಳಿಗೆ ದೀಪ ಹಿಡಿಸ್ಬಿಟ್ಟಿದೆ. ಈ ಚಳೀಲೂ ಹಿಂಗೆ ಇಡ್ತಾವಲ್ಲ."

"ಹಗಲು ಮುಗಿದಿಲ್ಲ ಅಂದ್ಕೊಂಡಿದಾವೆ," ಎಂದಳು ಎಪಿಫಾನಿಯಾ. ಒಂದು ಕುಂಡ ಎತ್ತಿ ಹಸಿರು ಕುಡಿ ತೋರಿಸಿದಳು. "ಇದೂ ಹಂಗೇ ಅಂದ್ಕೊಂಡಿದೆ. ಇಷ್ಟೊತ್ತಿಗೆ ಕೆಂಪು ಕಾಣ್ಬೇಕಿತ್ತು."

ಕ್ಲೆತಾ ಕುಂಡ ನೋಡಿದಳು, ಕಂಬ ನೋಡಿದಳು. "ಆರಿಸ್ಬೇಕು ಅಂತೀರಾ?"

"ನಾನು ಹಂಗಂದ್ನಾ?"

"ಅನ್ಬೇಡಿ. ನೀವು ಅಂದ್ರೆ ನಂಗೆ ಇಲ್ಲ ಅನ್ನೋಕಾಗಲ್ಲ."

ಗಿಡ ಉದ್ದವಾಗದಿರಲಿ ಎಂದು ಎಪಿಫಾನಿಯಾ ಆಗಸ್ಟಿನಲ್ಲೇ ಔಷಧಿ ಹೊಡೆದಿದ್ದಳು. ಬೆಳವಣಿಗೆಯ ಹಾರ್ಮೋನನ್ನು ಕಟ್ಟಿಹಾಕುವ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಕತ್ತಲು ಸಿಗುವುದಿಲ್ಲ. ದೀಪಕ್ಕೆ ಶೆಡ್ಡಿನ ಕಡೆ ತಗಡಿನ ಮರೆ ಕಟ್ಟಿಕೊಡಿ ಎಂದು ಕೇಳಲು ಕಚೇರಿಗೆ ಹೋದಳು. ಗುಮಾಸ್ತ ತಲೆ ಎತ್ತದೆ ಹೇಳಿದ: "ಬೇಡ ಅಂತ ಬರ್ಕೊಡಿ, ಕಂಬ ಕೀಳ್ತೀವಿ. ಅರ್ಧ ದೀಪ ಅನ್ನೋದು ನಮ್ಮಲ್ಲಿಲ್ಲ."

ಅವಳ ತಮ್ಮ ಹೆರ್ಮಿಲೊ ಕೈ ಉಜ್ಜಿಕೊಂಡ. "ಅಕ್ಕ, ಒಂದು ಕಲ್ಲು ಸಾಕು. ನನ್ ಗುರಿ ಇನ್ನೂ ಹೋಗಿಲ್ಲ."

"ನಿನ್ ಗುರಿ ಗೊತ್ತು, ಬಿಡೋ. ಮದುವೇಲಿ ಅಕ್ಕಿ ಎಸೆದ್ರೂ ಪಾದ್ರಿ ಕಣ್ಣಿಗೆ ಬಿತ್ತು." ಅವಳು ನಗಲಿಲ್ಲ. "ನಾವೇ ಕೇಳಿ ನಾವೇ ಒಡೆದ್ರೆ, ನಾಳೆ ಯಾವ ಓಣಿ ಹೆಂಗಸು ದೀಪ ಕೇಳಿದ್ರೂ ಇದನ್ನೇ ತೋರಿಸ್ತಾರೆ."

ಉಳಿದದ್ದು ಕಪ್ಪು ಪ್ಲಾಸ್ಟಿಕ್. ಸಂಜೆ ಐದೂವರೆಗೆ ಹೊದಿಸುವುದು, ಬೆಳಿಗ್ಗೆ ಏಳಕ್ಕೆ ತೆಗೆಯುವುದು. ರಜೆಯ ದಿನ ರುಫಿನಾ ಬಂದು ಒಂದು ತುದಿ ಹಿಡಿಯುತ್ತಿದ್ದಳು. ಎಡಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ.

"ಮದ್ರಿನಾ, ಕಂಬ ಕೀಳೋಕೆ ಬರ್ಕೊಟ್ಬಿಡಿ. ನಾನು ಹೆಂಗೋ ಬರ್ತೀನಿ."

"ಹೆಂಗೋ ಬಂದಿದ್ದು ನೋಡಿದೀನಿ. ಎಳಿ ಆ ಕಡೆ."

ಪ್ಲಾಸ್ಟಿಕ್ಕಿನ ಕೆಳಗೆ ಬೆವರು ನಿಂತು, ನವೆಂಬರ್ ಮಧ್ಯಕ್ಕೆ ಎಲೆಗಳ ಮೇಲೆ ಬೂದು ಬೂಷ್ಟು ಬಂತು. ಹೊದಿಸಿದರೆ ಕೊಳೆಯುತ್ತಿತ್ತು, ಬಿಟ್ಟರೆ ಹಸಿರಾಗಿಯೇ ನಿಲ್ಲುತ್ತಿತ್ತು. ಕಂಬಕ್ಕೆ ದೂರದ ಎರಡು ಸಾಲು ಮಾತ್ರ ಕೆಂಪಾದವು. ಲಾರಿ ತಂದ ವ್ಯಾಪಾರಿ ಅವನ್ನಷ್ಟೇ ಹೇರಿಕೊಂಡು, "ದೋನ್ಯಾ ಎಪಿಫಾನಿಯಾ, ಈ ಸಲ ಸೊಪ್ಪು ಬೆಳೆದಿದೀರಾ?" ಎಂದ. ನಾಲ್ಕು ಸಾವಿರ ಹಸಿರು ಗಿಡಗಳನ್ನು ತಮ್ಮನೂ ಅವಳೂ ಮೂರು ದಿನ ತಿಪ್ಪೆಗೆ ಹೊತ್ತರು.

ಮರುವರ್ಷ ಜೂನಿನಲ್ಲಿ ಅವಳು ಸಸಿ ತರಿಸಲಿಲ್ಲ. ಅಕ್ಟೋಬರಿನಿಂದ ಕಾಲುವೆಯಾಚೆಯ ದೊಡ್ಡ ಶೆಡ್ಡಿನಲ್ಲಿ ದಿನಗೂಲಿಗೆ ಹೋಗುತ್ತಾಳೆ. ಬೇರೆಯವರ ಗಿಡಕ್ಕೆ ಕತ್ತಲು ಹೊದಿಸುವುದು ಅವಳ ಕೆಲಸ. ಅವಳಷ್ಟು ಸಂದಿಲ್ಲದಂತೆ ಹೊದಿಸುವವರು ಅಲ್ಲಿ ಯಾರೂ ಇಲ್ಲ ಎಂದು ಮೇಸ್ತ್ರಿಯೇ ಹೇಳುತ್ತಾನೆ.

ಮನೆಗೆ ಮರಳಿದರೆ ಬೇಲಿಯೊಳಗೆ ಕುಂಡಗಳು ಬೋರಲಾಗಿ ಬಿದ್ದಿರುತ್ತವೆ. ಕೋಳಿಗಳು ಎದ್ದೇ ಇರುತ್ತವೆ. ಒಂಬತ್ತರ ಬಸ್ಸಿಳಿದ ರುಫಿನಾ ದೀಪದ ಕೆಳಗೂ ಹಿಂದೆ ಹಿಂದೆ ನೋಡುತ್ತ ಓಡುನಡಿಗೆಯಲ್ಲೇ ದಾಟುತ್ತಾಳೆ, ಬಲಗೈ ಮುಷ್ಟಿಯಲ್ಲಿ ಒಂದು ಕಲ್ಲು.