ಕೆರೆಯಾಚೆಗೆ ದಾರಿ ಕೇಳಿದ ಟೀಚರಮ್ಮ

ಹೋದ ವಾರ ಬೀರು ಖಾಲಿ ಮಾಡುವಾಗ ಹಳೆಯ ಹೆಡ್‌ಫೋನ್ ಸಿಕ್ಕಿತು. ಕಿವಿಗಿಟ್ಟು ತೆಗೆದರೆ ಅದರ ಸ್ಪಂಜು ಕರಿಪುಡಿಯಾಗಿ ಕೆನ್ನೆಗೆಲ್ಲ ಮೆತ್ತಿಕೊಂಡಿತು. ಶಿಡ್ಲಘಟ್ಟದ ಪುಟ್ಟ ಸಮುದಾಯ ರೇಡಿಯೋದಲ್ಲಿ ನಾನು ಬೆಳಗಿನ ಹೊತ್ತು ಕೇಳುಗರ ಫೋನ್ ತೆಗೆದುಕೊಳ್ಳುತ್ತಿದ್ದ ಕಾಲದ್ದು. ಮುಖ ತೊಳೆದುಕೊಂಡು ಬಂದ ಮೇಲೂ ಟೀಚರಮ್ಮ ಮನಸ್ಸಿನಿಂದ ಹೋಗಲಿಲ್ಲ...

ನಮ್ಮ ಕಾರ್ಯಕ್ರಮದಲ್ಲಿ ಊರಿನ ವಿಷಯ, ದೇಶದ ವಿಷಯ ಎರಡನ್ನೂ ಮಾತಾಡಬಹುದಿತ್ತು. ಆದರೆ ಜನಕ್ಕೆ ದೆಹಲಿಯೇ ಹತ್ತಿರ. ರೇಷ್ಮೆಗೂಡಿನ ಮಾರುಕಟ್ಟೆಯಿಂದ ಫೋನ್ ಮಾಡಿದವರೂ ತಮ್ಮ ಬೀದಿಯ ಚರಂಡಿಯನ್ನು ಬಿಟ್ಟು, ಪ್ರಧಾನಿ ಏನು ಮಾಡಬೇಕಿತ್ತು ಎಂದು ಹೇಳುತ್ತಿದ್ದರು. ಟೀಚರಮ್ಮ ಮಾತ್ರ ತಮ್ಮೂರು ಬಿಟ್ಟು ಆಚೆ ಹೋಗುತ್ತಿರಲಿಲ್ಲ.

ಅವರು ಜಂಗಮಕೋಟೆ ಕಡೆಯ ಒಂದು ಹಳ್ಳಿಯ ಕಾಲೋನಿಯವರು. ಅಂಗನವಾಡಿ ನಡೆಸಿ ನಿವೃತ್ತರಾಗಿದ್ದರು. ಪ್ರತಿ ಗುರುವಾರ ಅವರ ಫೋನ್ ಬರುತ್ತಿತ್ತು. "ಏಮಮ್ಮಾ, ಬಾಗುಂಡಾವಾ?" ಎಂದು ತೆಲುಗಿನಲ್ಲಿ ನನ್ನ ಕ್ಷೇಮ ಕೇಳಿ, ಆಮೇಲೆ ಪಾಠ ಹೇಳುವಂತೆ ನಿಧಾನವಾಗಿ ಕನ್ನಡದಲ್ಲಿ ಶುರುಮಾಡುತ್ತಿದ್ದರು.

ವಿಷಯ ಒಂದೇ. ಕಾಲೋನಿಯವರ ಸ್ಮಶಾನ ಕೆರೆಯಾಚೆ ಇತ್ತು. ಕೆರೆ ಬತ್ತಿಹೋಗಿದ್ದ ಅಷ್ಟೂ ವರ್ಷ ಹೆಣವನ್ನು ಕೆರೆ ಅಂಗಳದಲ್ಲೇ ಹೊತ್ತು ದಾಟುತ್ತಿದ್ದರು. ಬೆಂಗಳೂರಿನ ಕಡೆಯಿಂದ ಪೈಪಿನಲ್ಲಿ ನೀರು ಬಂದು ಕೆರೆ ತುಂಬಿದಾಗ ಊರೆಲ್ಲ ಸೇರಿ ಬಾಗಿನ ಬಿಟ್ಟರು. ಟೀಚರಮ್ಮನೂ ಹೋಗಿ ಕೈಮುಗಿದು ಬಂದಿದ್ದರು. ದಾರಿ ಮುಳುಗಿದ್ದು ಎಲ್ಲರಿಗೂ ತಿಳಿದದ್ದು ಕಾಲೋನಿಯಲ್ಲಿ ಒಂದು ಸಾವಾದ ಮೇಲೆ. ಆಚೆಗೆ ಹೋಗಲು ಉಳಿದ ದಾರಿ ದ್ರಾಕ್ಷಿ ತೋಟವೊಂದರ ಅಂಚು. ತೋಟದವರು ಅದಕ್ಕೆ ತಂತಿಬೇಲಿ ಹಾಕಿಸಿದರು. ಟೀಚರಮ್ಮ ಪಂಚಾಯ್ತಿಗೆ ಹೋದರು, ತಾಲ್ಲೂಕು ಆಫೀಸಿಗೆ ಹೋದರು, ಕೊನೆಗೆ ನಮ್ಮ ರೇಡಿಯೋಗೆ ಫೋನ್ ಮಾಡತೊಡಗಿದರು.

ಚುನಾವಣೆ ಹತ್ತಿರವಾಗಿದ್ದ ಒಂದು ಗುರುವಾರ ಸುತ್ತಲಿನ ಹಳ್ಳಿಗಳ ಮುಖಂಡರೊಬ್ಬರು ನಮ್ಮ ಅತಿಥಿಯಾಗಿ ಬಂದರು. ನಮ್ಮ ಸ್ಟೇಷನ್ ಇದ್ದ ಕಟ್ಟಡ ಅವರದೇ. ಆ ದ್ರಾಕ್ಷಿ ತೋಟ ಅವರ ಬಾಮೈದನದು. ಇದು ನನಗೂ ಗೊತ್ತಿತ್ತು, ಟೀಚರಮ್ಮನಿಗೂ ಗೊತ್ತಿತ್ತು. ಅವರ ಫೋನ್ ಬಂತು. "ನಮಸ್ಕಾರ, ನಾನು ಕಾಲೋನಿಯಿಂದ ಮಾತಾಡ್ತಿದೀನಿ" ಎಂದರು. ಗಾಜಿನಾಚೆ ನಿಂತಿದ್ದ ನಮ್ಮ ಮೇಲ್ವಿಚಾರಕರು ಬೇಡವೆಂದು ಕೈಯಾಡಿಸಿದರು. ನಾನು ಗುಂಡಿಯನ್ನು ಕೆಳಗೆ ಎಳೆದೆ. ಫೋನ್ ಇಡಲಿಲ್ಲ, ದನಿಯನ್ನಷ್ಟೇ ಮುಚ್ಚಿದೆ; ಅದು ಪ್ರಸಾರಕ್ಕೂ ಹೋಗಲಿಲ್ಲ, ನನ್ನ ಹೆಡ್‌ಫೋನಿಗೂ ಬರಲಿಲ್ಲ. ಲೈನಿನಲ್ಲಿ ತೊಂದರೆಯಿದೆ ಎಂದು ಹೇಳಿ ಇನ್ನೊಂದು ಫೋನಿನಲ್ಲಿ ಚಿಂತಾಮಣಿ ರಸ್ತೆಯ ಅಂಗಡಿಯವರೊಬ್ಬರ ಕರೆ ತೆಗೆದುಕೊಂಡೆ. ಅವರು ಗಡಿಯಲ್ಲಿ ಸೈನ್ಯ ಏನು ಮಾಡಬೇಕೆಂದು ಹೇಳಿದರು. ಮುಖಂಡರು ತಲೆದೂಗಿದರು.

ಮೂರನೆಯ ದಿನ ತಪ್ಪೊಪ್ಪಿಕೊಳ್ಳಲೆಂದೇ ಟೀಚರಮ್ಮನ ಊರಿಗೆ ಬಸ್ ಹತ್ತಿದೆ. ಅವರನ್ನು ಮುಖತಃ ನೋಡಿದ್ದು ಅದೇ ಮೊದಲು. ಬಾಗಿಲಲ್ಲೇ ಅವರ ಸೊಸೆ ನನ್ನನ್ನು ಪಕ್ಕಕ್ಕೆ ಕರೆದಳು. ರೇಡಿಯೋ ಹತ್ತಿರವಿದ್ದರೆ ಫೋನಿನಲ್ಲಿ ಕೀ ಎನ್ನುತ್ತದೆಂದು ನಾವೇ ಕೇಳುಗರಿಗೆ ಹೇಳಿಕೊಟ್ಟಿದ್ದೆವು. ಹಾಗಾಗಿ ಟೀಚರಮ್ಮ ರೇಡಿಯೋವನ್ನು ಅಕ್ಕಪಕ್ಕದವರ ಮುಂದಿಟ್ಟು, ತಾವು ಹಿತ್ತಲಿನ ನುಗ್ಗೆಮರದ ಕೆಳಗೆ ನಿಂತು ಮಾತಾಡುತ್ತಿದ್ದರು. ಅವತ್ತು ಒಳಗೆ ಅಂಗಡಿಯವರ ದನಿ ಬರುತ್ತಿದ್ದಾಗ ಹಿತ್ತಲಲ್ಲಿ ಅವರು ಮಾತಾಡುತ್ತಲೇ ಇದ್ದರಂತೆ. ಮುಗಿಸಿ ಒಳಬಂದು, ಸರಿಯಾಗಿ ಹೇಳಿದೆನೇ ಎಂದು ಎಲ್ಲರನ್ನೂ ಕೇಳಿದರಂತೆ. ಕೊನೆಗೆ ಸೊಸೆಯೇ, ಚೆನ್ನಾಗಿ ಹೇಳಿದಿರಿ ಅತ್ತೆ ಎಂದುಬಿಟ್ಟಳು.

ಟೀಚರಮ್ಮ ನನ್ನನ್ನು ಚಾಪೆಯ ಮೇಲೆ ಕೂರಿಸಿ ಕಾಫಿ ಕೊಟ್ಟರು. ಸಣಕಲು ಮೈ, ದಪ್ಪ ಗಾಜಿನ ಕನ್ನಡಕ.

"ಅವ್ರು ನಿನ್ ಎದುರಿಗೇ ಕೂತಿದ್ರಲ್ಲಮ್ಮ. ನಾನ್ ಹೇಳ್ದಾಗ ಮುಖ ಹೆಂಗಿತ್ತು?"

ನಾನು ಸೊಸೆಯ ಕಡೆ ನೋಡಿದೆ. ಅವಳು ತಲೆ ಬಗ್ಗಿಸಿದಳು.

"ಪೂರ್ತಿ ಕೇಳಿಸ್ಕೊಂಡ್ರು ಟೀಚರಮ್ಮ. ನೋಡ್ತೀನಿ ಅಂದ್ರು," ಎಂದೆ.

"ನೋಡ್ತೀನಿ ಅಂದ್ರಾ... ಸಾಕು ಬಿಡು."

ಆಮೇಲೆ ಅವರು ಫೋನ್ ಮಾಡುವುದನ್ನು ನಿಲ್ಲಿಸಿದರು. ದೊಡ್ಡವರು ಮಾತು ಕೊಟ್ಟ ಮೇಲೆ ಪದೇಪದೇ ಕೇಳಬಾರದು ಎಂದರಂತೆ. ಎಂಟು ತಿಂಗಳು ಕಾದರು. ತೀರಿಕೊಂಡ ಸುದ್ದಿ ಬಂದಾಗ ಹೋದೆ. ಬೇಲಿ ಹಾಗೇ ಇತ್ತು. ನಾಲ್ವರು ಚಟ್ಟವನ್ನು ತಲೆಯ ಮೇಲಕ್ಕೆತ್ತಿ ಎದೆಮಟ್ಟದ ನೀರಿಗಿಳಿದರು. ನಡುವೆ ಒಬ್ಬನ ಕಾಲು ಹೂಳಿನಲ್ಲಿ ಜಾರಿ ಚಟ್ಟ ವಾಲಿತು, ಒಂದು ಕಡೆಯ ಹೂವೆಲ್ಲ ನೀರಿಗೆ ಬಿತ್ತು. ನಾವು ಹೆಂಗಸರು ದಡದಲ್ಲೇ ನಿಂತೆವು. ಯಾರೂ ಗಟ್ಟಿಯಾಗಿ ಅಳಲಿಲ್ಲ. ಮುಂದಿನ ತಿಂಗಳು ನಾನು ರೇಡಿಯೋ ಕೆಲಸ ಬಿಟ್ಟೆ. ಅದರಿಂದ ಯಾರಿಗೂ ಏನೂ ಆಗಲಿಲ್ಲ.

ಮೊನ್ನೆ ಅವರ ಮೊಮ್ಮಗಳು ಫೋನ್ ಮಾಡಿದ್ದಳು. ಚಿಕ್ಕಬಳ್ಳಾಪುರದಲ್ಲಿ ಓದುತ್ತಿದ್ದಾಳೆ. ದಾರಿಗಾಗಿ ಮತ್ತೆ ಅರ್ಜಿ ಬರೆಯುತ್ತಿದ್ದಾಳಂತೆ, ಅಜ್ಜಿ ಮುಖಂಡರ ಎದುರಿಗೇ ಮಾತಾಡಿದ ಆ ದಿನದ ರೆಕಾರ್ಡಿಂಗ್ ಬೇಕಂತೆ. ಈ ಸಲ ಸುಳ್ಳು ಹೇಳಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ.

"ಅಜ್ಜಿ ಅವತ್ತು ಏನ್ ಹೇಳಿದ್ರು ಅಂತ ನಿಮ್ಗೂ ಗೊತ್ತಿಲ್ವಾ ಅಕ್ಕ?"

ಗೊತ್ತಿಲ್ಲ ಎಂದೆ. ಅದು ಯಾರಿಗೂ ಗೊತ್ತಿಲ್ಲ.