ವೀರಭದ್ರಯ್ಯನವರ ಕಸಿ

ವೀರಭದ್ರಯ್ಯನವರ ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು. ನೀಲಿ ಬರೆಯೋದಕ್ಕೆ, ಕೆಂಪು ಹೊಡೆಯೋದಕ್ಕೆ. ಹೆತ್ತೂರಿನ ಕಡೆ ಒಂದು ಎಸ್ಟೇಟಿನಲ್ಲಿ ಹದಿನೆಂಟು ವರ್ಷ ರೈಟರ್ ಆಗಿ ಆಳುಗಳ ಹಾಜರಿ, ಮಳೆಯ ಇಂಚು ಬರೆದವರು. ಎಸ್ಟೇಟು ಕೈ ಬದಲಾದಾಗ ಆನೇಮಹಲ್ ಹತ್ತಿರದ ನಮ್ಮ ಕಾಲೇಜಿಗೆ ಗುಮಾಸ್ತರಾಗಿ ಬಂದರು. ಓದಿದ್ದು ಪಿಯುಸಿ. ಕೆಲಸ ಕಾಂಟ್ರಾಕ್ಟು, ವರ್ಷ ವರ್ಷ ನವೀಕರಣ.

ನಾನು ಅಲ್ಲಿ ಕಂಪ್ಯೂಟರ್ ಪಾಠ ಮಾಡುವವಳು, ಊರು ಮಂಡ್ಯ. ಹೋದ ವರ್ಷ ಬಿಸಿಎ ಪಠ್ಯಕ್ರಮ ಬದಲಾಯಿತು. ಮೊದಲ ವರ್ಷದ 'ಸಿ' ಭಾಷೆ ಹೋಗಿ ಪೈಥಾನ್ ಬಂತು. ಹಾಗಾದ ಮೇಲೆ ಎರಡನೇ ವರ್ಷದ ವಿಷಯಗಳ ಪೂರ್ವಾರ್ಹತೆ, ಅಂದರೆ ಯಾವುದನ್ನು ಪಾಸಾಗಿದ್ದರೆ ಯಾವುದಕ್ಕೆ ಸೇರಬಹುದು ಎಂಬ ಪಟ್ಟಿ, ಅದೂ ಬದಲಾಗಬೇಕಲ್ಲ. ಡೇಟಾ ಸ್ಟ್ರಕ್ಚರ್ಸ್ ವಿಷಯದ ಮುಂದೆ ನಾನು 'ಸಿ ಅಥವಾ ಪೈಥಾನ್' ಎಂದು ಬರೆದು ಕಳಿಸಿದೆ. ನಮ್ಮ ಪ್ರಿನ್ಸಿಪಾಲರು ಸಾಹಿತ್ಯದ ಮೇಷ್ಟ್ರು. ಬರೀ ಸಹಿ ಹಾಕಿದ್ದರೆ ಆಗುತ್ತಿತ್ತು. ಪಕ್ಕದಲ್ಲಿ ಷರಾ ಬರೆದರು: 'ಹಳೆಯ ಬುಡಕ್ಕೆ ಹೊಸ ಚಿಗುರಿನ ಕಸಿ ಆಗಲಿ.'

ವೀರಭದ್ರಯ್ಯ ಷರಾ ಓದಿದರು, ಕೆಂಪು ಪೆನ್ನು ತೆಗೆದು ಪೈಥಾನ್ ಹೊಡೆದು ಹಾಕಿದರು, ಕಂಪ್ಯೂಟರಿಗೆ ಏರಿಸಿ ಪಟ್ಟಿಯನ್ನು ಲಾಕ್ ಮಾಡಿದರು.

ಎರಡನೇ ವರ್ಷದ ನೋಂದಣಿಯ ಕೊನೇ ದಿನ, ಶನಿವಾರ. ಬೆಳಗೋಡಿನಿಂದ ಬಸ್ಸಿನಲ್ಲಿ ಬರುವ ಚಂದ್ರಿಕಾ ನನ್ನೆದುರು ಮೊಬೈಲು ಹಿಡಿದಳು. "ಸಿ ಪಾಸಾಗಿಲ್ಲ ಅಂತ ತೋರಿಸ್ತೈತೆ ಮ್ಯಾಮ್. ಸಿ ನಮಗೆ ಇರ್ಲೇ ಇಲ್ವಲ್ಲ?"

ಅವಳೊಬ್ಬಳೇ ಅಲ್ಲ, ನಲವತ್ತೆರಡು ಮಕ್ಕಳು. ಕಾಲೇಜಿನಲ್ಲೇ ಇಲ್ಲದ ವಿಷಯವನ್ನು ಪಾಸಾಗಿ ಬನ್ನಿ ಎನ್ನುತ್ತಿತ್ತು ನಮ್ಮ ಪಟ್ಟಿ. ಸಂಜೆ ನಾಲ್ಕಕ್ಕೆ ನೋಂದಣಿ ಮುಚ್ಚಿದರೆ ಅಷ್ಟೂ ಮಕ್ಕಳ ಒಂದು ವರ್ಷ ಹೋದ ಹಾಗೆಯೇ. ನನಗೆ ಮೈಯೆಲ್ಲ ಉರಿದುಹೋಯಿತು. ನೇರ ಆಫೀಸಿಗೆ ನುಗ್ಗಿದೆ.

"ಪೈಥಾನ್ ಯಾಕ್ರೀ ತೆಗೆದ್ರಿ?"

"ಸಾಹೇಬ್ರು ಕಸಿ ಅಂದ್ರಲ್ಲ ಮೇಡಂ. ಕಸಿ ಮಾಡ್ಬುಟ್ಟೆ."

"ಕಸಿ ಅಂದ್ರೆ ಸೇರ್ಸೋದು ಕಣ್ರೀ! ಮಾವಿನ ಗಿಡಕ್ಕೆ ಮಾಡಲ್ವಾ?"

ಅವರು ನನ್ನನ್ನು ಪಾಪ ಎನ್ನುವ ಹಾಗೆ ನೋಡಿದರು. "ನಮ್ಮಲ್ಲಿ ಕಸಿ ಅಂದ್ರೆ ಕಡಿಯೋದು ಮೇಡಂ. ಮರಗಸಿ ಅಂತ ಕೊಂಬೆ ಕಡೀತೀವಿ, ಕಾಫಿ ಗಿಡ್ದಲ್ಲಿ ಬೇಡದ ಚಿಗುರು ತೆಗೀತೀವಿ. ಬುಡ ಉಳ್ಕಂತೈತೆ."

ಅಯ್ಯೋ ಶಿವನೇ! ತಲೆ ಚಚ್ಚಿಕೊಂಡೆ. ಆದರೆ ಹದಿನೆಂಟು ವರ್ಷ ಆ ಮಾತನ್ನು ಅದೇ ಅರ್ಥದಲ್ಲಿ ಬರೆದ ಮನುಷ್ಯ ಅವರು.

ಲಾಕ್ ಆದ ಪಟ್ಟಿ ತೆರೆಯಲು ಆಡಳಿತ ಮಂಡಳಿಗೆ ಒಂದು ನಮೂನೆ ತುಂಬಿಕೊಡಬೇಕು. ಅದರಲ್ಲಿ 'ಲೋಪ ಯಾರದು' ಎಂಬ ಖಾನೆ. "ತಾಂತ್ರಿಕ ದೋಷ ಅಂತ ಬರೀರಿ, ಎಲ್ಲರೂ ಅದನ್ನೇ ಬರೆಯೋದು" ಎಂದೆ.

"ಕಂಪ್ಯೂಟ್ರು ಏನ್ ಮಾಡ್ತು ಪಾಪ" ಎಂದು ನೀಲಿ ಪೆನ್ನಿನಲ್ಲಿ ತಮ್ಮ ಹೆಸರನ್ನು ಗುಂಡಗೆ ಬರೆದು, ಕೆಳಗೆ ಗೆರೆ ಎಳೆದರು.

ಮೂರೂವರೆಗೆ ಪಟ್ಟಿ ತೆರೆಯಿತು. ನಾಲ್ಕಕ್ಕೆ ಎರಡು ನಿಮಿಷ ಇರುವಾಗ ನಲವತ್ತೆರಡನೇ ಹೆಸರೂ ಒಳಗೆ ಬಂತು. ಚಂದ್ರಿಕಾ ಥ್ಯಾಂಕ್ಸ್ ಹೇಳಿದ್ದು ನನಗೆ. ವೀರಭದ್ರಯ್ಯ ಹಿಂದಿನ ಮೇಜಿನಲ್ಲಿ ಹಾಜರಿ ಪುಸ್ತಕ ಜೋಡಿಸುತ್ತಿದ್ದರು.

ಷರಾ ಬರೆದವರನ್ನು ಯಾರೂ ಏನೂ ಕೇಳಲಿಲ್ಲ. ಅದು ಸಾಹಿತ್ಯವಂತೆ. ನಾನು ಆಡಳಿತ ಮಂಡಳಿಯವರ ಹತ್ತಿರ ಜಗಳಕ್ಕೆ ಹೋದೆ. "ನೀವು ಕೂತ್ಕೊಳ್ಳಮ್ಮ" ಎಂದರು.

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ವೀರಭದ್ರಯ್ಯ ನನ್ನ ಸ್ಟಾಫ್ ರೂಮಿಗೆ ಬಂದರು. ಕೈಯಲ್ಲಿ ಆಗಷ್ಟೇ ಟೈಪ್ ಮಾಡಿದ ಕಾಗದ. "ಒಂದ್ಸಲ ನೋಡ್ಬುಡಿ ಮೇಡಂ. ಪೂರ್ವಾರ್ಹತೆದು. ಆವತ್ತಿನಂಗೆ ತಪ್ಪಾಗೋದು ಬ್ಯಾಡ." ಕೆಂಪು ಪೆನ್ನನ್ನೂ ಕೈಗೆ ಕೊಟ್ಟರು.

'ಗುಮಾಸ್ತರು ಬೇಕಾಗಿದ್ದಾರೆ. ಹುದ್ದೆ: ಒಂದು. ಪೂರ್ವಾರ್ಹತೆ: ಯಾವುದಾದರೂ ಪದವಿ.'

ಇದ್ದ ಗುಮಾಸ್ತರು ಅವರೊಬ್ಬರೇ. ಓದಿದ್ದು ಪಿಯುಸಿ. ಒಂದಾದರೂ ತಪ್ಪು ಸಿಗಲಿ ಎಂದು ಮೂರು ಸಲ ಓದಿದೆ.

"ಸರಿಯಾಗಿ ಐತಾ ಮೇಡಂ?"

ಸರಿಯಾಗಿತ್ತು.